ವನಚಿತ್ರದಲ್ಲಿ ಮಂಜಿನ ಲೇಪನ : ಒಂದು ಅಭ್ಯಾಸ

ಪೀಠಿಕೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳಿಗೂ ಮಿಗಿಲಾದ ಎತ್ತರದಲ್ಲಿ ನೆಲೆಸಿರುವ ಬೆಂಗಳೂರಿಗೆ ಚಳಿಗಾಲದ ಮುಂಜಾವಿನ ಮಂಜು ಹೊಸ ಅತಿಥಿಯಲ್ಲ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ಲಾಲ್‌ಬಾಗಿನ ಪುರಾತನ ಬಂಡೆಯನ್ನೇರಿ ದಕ್ಷಿಣ ದಿಕ್ಕಿಗೆ ದೃಷ್ಟಿ ಹಾಯಿಸಿದವರಿಗೆ ಜಯನಗರದ ಕಡೆಯ ಮರಗಳು ಸಾಲುಸಾಲಾಗಿ, ದೂರ ಹೋದಂತೆಲ್ಲ ಬಿಳಿಚುತ್ತ, ಕೊನೆಗೆ ಆಕಾಶದಲ್ಲಿಯೇ ಲೀನವಾಗುವ ನೋಟವು ಕೆಲವು ದಿನಗಳಂದು ದೊರೆಯುತ್ತದೆ. ಮಡಿವಾಳದ ಕೆರೆಯ ನೀರಿನ ಮೇಲೆ ತೆಳುವಾದ ಆವಿ ತೇಲುತ್ತದೆ. ಬನಶಂಕರಿಯ ಆಚೆಗಿರುವ ತುರಹಳ್ಳಿ ಕಾಡಿನ ಬಂಡೆಗಳ ಸಂದಿನಲ್ಲಿಯೂ ನೀಲಗಿರಿ ಮರಗಳ ನಡುವೆಯೂ ಮಂಜು ಸ್ವಲ್ಪ ಹೊತ್ತು ತಂಗಿದ್ದು, ಹೊತ್ತೇರಿದಂತೆ ಮಾಯವಾಗುತ್ತದೆ.

ಇಂಥ ಬೆಳಗನ್ನು ಛಾಯಾಚಿತ್ರದಲ್ಲಿ ಹಿಡಿಯಬೇಕೆಂಬ ಆಸೆ ಛಾಯಾಗ್ರಹಣವನ್ನು ಅಭ್ಯಾಸ ಮಾಡುವ ಪ್ರತಿಯೊಬ್ಬರಿಗೂ ಸಹಜವಾದುದು. ಆದರೆ ಮಂಜು ಮನುಷ್ಯನ ಬಿಡುವನ್ನು ನೋಡಿ ಬರುವುದಿಲ್ಲ. ರಜಾದಿನದಂದು ಹೋದರೆ ಆಕಾಶ ಶುಭ್ರವಾಗಿರುತ್ತದೆ. ಮಂಜು ಕವಿದ ದಿನ ಪರೀಕ್ಷೆಯಿರುತ್ತದೆ. ಆದುದರಿಂದ ಶುಭ್ರವಾದ ದಿನ ತೆಗೆದ ಕಾಡಿನ ಚಿತ್ರಕ್ಕೆ ಅನಂತರ ಗಣಕಯಂತ್ರದ ನೆರವಿನಿಂದ ಮಂಜನ್ನು ಲೇಪಿಸುವ ಪದ್ಧತಿಯು ಬಹಳವಾಗಿ ಬಳಕೆಗೆ ಬಂದಿದೆ. ಇಂದಿನ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿನಲ್ಲಿಯೇ ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡಿಕೊಡುವ ಸಲಕರಣೆಗಳಿವೆ. ಹೀಗೆ ಲೇಪಿಸಿದ ಮಂಜು ಹೆಚ್ಚಿನ ಸಂದರ್ಭಗಳಲ್ಲಿ ಗೋಡೆಗೆ ಬಳಿದ ಸುಣ್ಣದಂತೆ ಕಾಣುವುದೇಕೆ, ನಿಜವಾದ ಮಂಜಿನಂತೆ ಕಾಣಬೇಕಾದರೆ ಏನನ್ನು ತಿಳಿದಿರಬೇಕು, ಹಾಗೆ ಕಾಣಿಸುವುದು ಎಲ್ಲಿ ಯುಕ್ತ, ಎಲ್ಲಿ ಅಯುಕ್ತ ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಂಜಿನ ಸ್ವರೂಪ

ಕನ್ನಡದಲ್ಲಿ ಮಂಜು, ಇಬ್ಬನಿ, ಕಾವಳ, ಹಿಮ ಎಂಬ ಪದಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬಳಕೆಯಾಗುವುದುಂಟು. ಶಾಸ್ತ್ರದೃಷ್ಟಿಯಿಂದ ಇವುಗಳನ್ನು ಬೇರ್ಪಡಿಸಿ ತಿಳಿಯುವುದು ಮೇಲು. ಎಲೆಯ ಮೇಲೆ, ಹುಲ್ಲಿನ ಮೇಲೆ ಹನಿಯಾಗಿ ಕೂಡುವುದು ಇಬ್ಬನಿ. ಗಾಳಿಯಲ್ಲಿಯೇ ತೇಲುತ್ತ ನೋಟವನ್ನು ಮುಚ್ಚುವ ಅತಿಸೂಕ್ಷ್ಮ ನೀರ್ಹನಿಗಳ ಸಮೂಹವೇ ಮಂಜು ಅಥವಾ ಕಾವಳ. ದೃಷ್ಟಿಯು 1000 ಮೀಟರುಗಳಿಗಿಂತ ಕಡಿಮೆ ದೂರದಲ್ಲಿಯೇ ತಡೆಹಿಡಿಯಲ್ಪಟ್ಟಾಗ ಮಾತ್ರ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜೆಂದು ಗಣಿಸುತ್ತಾರೆ.

ಬೆಂಗಳೂರಿನ ಬಯಲಿನಲ್ಲಿ ಹೆಚ್ಚಾಗಿ ಕಾಣುವ ಮಂಜು ನೆಲದ ತಂಪಿನಿಂದ ಹುಟ್ಟುವಂಥದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಭೂಮಿಯು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಅದರಲ್ಲಿದ್ದ ನೀರಾವಿಯು ಹನಿಗಟ್ಟುತ್ತದೆ. ತಂಪಾದ ಗಾಳಿ ಭಾರವಾದುದರಿಂದ ಇಂಥ ಮಂಜು ತಗ್ಗಿನಲ್ಲಿ ನಿಲ್ಲುತ್ತದೆ; ಬಂಡೆಯ ನೆತ್ತಿಯನ್ನು ಬಿಟ್ಟು ಬುಡವನ್ನು ಮುಚ್ಚುತ್ತದೆ. ಕೆರೆಯ ಮೇಲಿನದು ಇನ್ನೊಂದು ಬಗೆ. ಹಗಲಿನ ಬಿಸಿಯನ್ನು ಉಳಿಸಿಕೊಂಡಿರುವ ನೀರಿನಿಂದೇಳುವ ಆವಿಯು ತಂಪಾದ ಗಾಳಿಯನ್ನು ಸೇರಿದ ಕೂಡಲೆ ಹನಿಗಟ್ಟಿ, ಎಳೆಎಳೆಯಾಗಿ ಮೇಲಕ್ಕೇಳುತ್ತದೆ. ಮಲೆನಾಡಿನ ಘಟ್ಟಗಳಲ್ಲಿ ಕಾಣುವುದು ಮೂರನೆಯದು. ಕಡಲ ಕಡೆಯಿಂದ ಬಂದ ತೇವದ ಗಾಳಿಯು ಬೆಟ್ಟದ ಮೈಯನ್ನೇರುತ್ತ ತಣ್ಣಗಾಗಿ ಮೋಡವಾಗುತ್ತದೆ. ಬೆಟ್ಟದ ಮೇಲಿರುವವನಿಗೆ ಅದೇ ಮಂಜು. ಅದು ಗಾಳಿಯೊಡನೆ ಚಲಿಸುವುದರಿಂದ ಮರದ ನೆತ್ತಿಯನ್ನೂ ಬುಡವನ್ನೂ ಒಂದೇ ಸಮನೆ ಮುಚ್ಚಬಲ್ಲುದು.

ಈ ಭೇದವನ್ನು ಇಷ್ಟು ವಿವರಿಸಲು ಕಾರಣವಿದೆ. ತುರಹಳ್ಳಿಯ ಕುರುಚಲು ಕಾಡಿನ ಚಿತ್ರಕ್ಕೆ ಆಗುಂಬೆಯ ಮಂಜನ್ನು ಹೊದಿಸಿದರೆ, ಶಾಸ್ತ್ರವನ್ನರಿಯದ ನೋಡುಗನಿಗೂ ಎಲ್ಲಿಯೋ ಏನೋ ತಪ್ಪಿದಂತೆ ಭಾಸವಾಗುತ್ತದೆ. ಯಾವ ಸ್ಥಳಕ್ಕೆ, ಯಾವ ಋತುವಿಗೆ, ಯಾವ ಹೊತ್ತಿಗೆ ಯಾವ ಬಗೆಯ ಮಂಜು ಒಪ್ಪುತ್ತದೆಂಬುದನ್ನು ನಿರ್ಣಯಿಸುವುದೇ ಈ ಕೆಲಸದ ಮೊದಲ ಹೆಜ್ಜೆ.

ಬೆಳಕಿನ ಲೆಕ್ಕ

ಮಂಜಿನಲ್ಲಿ ದೂರದ ಮರವು ಮಾಸಿದಂತೆ ತೋರಲು ಎರಡು ಕ್ರಿಯೆಗಳು ಕಾರಣ. ಮರದಿಂದ ಕಣ್ಣಿಗೆ ಬರಬೇಕಾದ ಬೆಳಕಿನ ಒಂದು ಭಾಗವು ಹನಿಗಳಿಗೆ ತಾಕಿ ಅತ್ತಿತ್ತ ಚದುರಿಹೋಗುತ್ತದೆ. ಅದೇ ವೇಳೆಯಲ್ಲಿ ಸೂರ್ಯನಿಂದಲೂ ಆಕಾಶದಿಂದಲೂ ಬಂದ ಬೆಳಕು ಅದೇ ಹನಿಗಳಿಂದ ಚದುರಿ, ನೋಡುವವನ ಕಣ್ಣಿನತ್ತ ತಿರುಗುತ್ತದೆ. ಮೊದಲನೆಯ ಕ್ರಿಯೆಯಿಂದ ಮರದ ಸ್ವಂತ ಬೆಳಕು ಕುಂದುತ್ತದೆ. ಎರಡನೆಯದರಿಂದ ಅದರ ಮೇಲೆ ಬಿಳಿಯ ತೆರೆಯೊಂದು ಕೂಡುತ್ತದೆ. ಜರ್ಮನಿಯ ಹವಾಮಾನ ವಿಜ್ಞಾನಿ ಕೋಷ್ಮೀಡರ್ 1924ರಲ್ಲಿ ಈ ಎರಡನ್ನೂ ಒಂದೇ ಸೂತ್ರದಲ್ಲಿ ಬಂಧಿಸಿದನು. ಕಪ್ಪಾದ ವಸ್ತುವೊಂದು ಹಿನ್ನೆಲೆಯಿಂದ ಶೇಕಡ 2ರಷ್ಟು ಮಾತ್ರ ಭೇದವನ್ನುಳಿಸಿಕೊಳ್ಳುವ ದೂರವನ್ನು ದೃಷ್ಟಿಯ ಮೇರೆ ಎಂದು ಹಿಡಿದರೆ, 3.912 ಎಂಬ ಸಂಖ್ಯೆಯನ್ನು ಆ ದೂರದಿಂದ ಭಾಗಿಸಿದಾಗ ಮಂಜಿನ ಸಾಂದ್ರತೆಯನ್ನು ಸೂಚಿಸುವ ಗುಣಾಂಕವು ದೊರೆಯುತ್ತದೆ.

ಉದಾಹರಣೆಗಾಗಿ, ದೃಷ್ಟಿಯ ಮೇರೆ 300 ಮೀಟರು ಇರುವ ಒಂದು ಬೆಳಗನ್ನು ಕಲ್ಪಿಸಿಕೊಳ್ಳಬಹುದು. ಗುಣಾಂಕವು ಸುಮಾರು 0.013 ಆಗುತ್ತದೆ. ಇದರ ಅರ್ಥವನ್ನು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಂತೆ ಹೇಳುವುದಾದರೆ, ಪ್ರತಿ 53 ಮೀಟರಿಗೊಮ್ಮೆ ವಸ್ತುವಿನ ಸ್ವಂತ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. ಆಗ ಬೇರೆ ಬೇರೆ ದೂರದ ಮರಗಳ ಸ್ಥಿತಿ ಹೀಗಿರುತ್ತದೆ :

10 ಮೀಟರು : ಸ್ವಂತ ಬೆಳಕು ಶೇ. 88, ಮಂಜಿನ ಪಾಲು ಶೇ. 12
50 ಮೀಟರು : ಸ್ವಂತ ಬೆಳಕು ಶೇ. 52, ಮಂಜಿನ ಪಾಲು ಶೇ. 48
100 ಮೀಟರು : ಸ್ವಂತ ಬೆಳಕು ಶೇ. 27, ಮಂಜಿನ ಪಾಲು ಶೇ. 73
200 ಮೀಟರು : ಸ್ವಂತ ಬೆಳಕು ಶೇ. 7; ಮಂಜಿನ ಪಾಲು ಶೇ. 93

ಈ ಪಟ್ಟಿಯಿಂದ ಮುಖ್ಯವಾದ ಎರಡು ತತ್ತ್ವಗಳು ಹೊರಡುತ್ತವೆ. ಮಂಜಿನ ಏರಿಕೆಯು ಸರಳರೇಖೆಯಂತೆ ಸಮಸಮವಾಗಿಲ್ಲ. ಮೊದಲ 100 ಮೀಟರುಗಳಲ್ಲಿಯೇ ಮುಕ್ಕಾಲು ಪಾಲು ಕೆಲಸ ಮುಗಿದು, ಆಮೇಲಿನ ದೂರದಲ್ಲಿ ಉಳಿದ ಕಾಲುಭಾಗ ಮಾತ್ರ ನಿಧಾನವಾಗಿ ಕೂಡುತ್ತದೆ. ಎರಡನೆಯದಾಗಿ, ಕತ್ತಲೆಯ ಭಾಗಗಳು ಬೆಳಕಿನ ಭಾಗಗಳಿಗಿಂತ ಹೆಚ್ಚು ಬದಲಾಗುತ್ತವೆ. ಗಣಕಯಂತ್ರವು ಕಪ್ಪನ್ನು 0 ಎಂದೂ ಬಿಳಿಯನ್ನು 255 ಎಂದೂ ಎಣಿಸುವುದು ರೂಢಿ. ಮರದ ಕಾಂಡವು 40, ಬೆಳಕು ಬಿದ್ದ ಎಲೆಯು 150, ಮಂಜಿನ ಬಣ್ಣವು 210 ಎಂದು ಹಿಡಿದರೆ, 50 ಮೀಟರು ದೂರದಲ್ಲಿ ಕಾಂಡವು ಸುಮಾರು 121ಕ್ಕೆ ಏರುತ್ತದೆ. ಎಲೆಯು 179ಕ್ಕೆ ಮಾತ್ರ ಏರುತ್ತದೆ. ಅವೆರಡರ ನಡುವೆ ಮೊದಲು 110ರಷ್ಟಿದ್ದ ಅಂತರವು 10 ಮೀಟರಿನಲ್ಲಿ 97, 50ರಲ್ಲಿ 57, 100ರಲ್ಲಿ 30, 200ರಲ್ಲಿ ಕೇವಲ 8 ಆಗುತ್ತದೆ. ದೂರದ ಮರದಲ್ಲಿ ಅಪ್ಪಟ ಕಪ್ಪು ಉಳಿದಿದ್ದರೆ ಅದು ಮಂಜಿನೊಳಗಿನ ಮರವಾಗಿರಲಾರದು. ತಜ್ಞರು ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸುತ್ತಾರೆ. ಚಿತ್ರದ ಕಡತದಲ್ಲಿರುವ ಅಂಕಿಗಳು ಬೆಳಕಿನ ನೇರ ಅಳತೆಗಳಾಗಿರದೆ, ಕಣ್ಣಿನ ಗ್ರಹಣಕ್ಕೆ ತಕ್ಕಂತೆ ಪರಿವರ್ತಿಸಿದವುಗಳಾಗಿರುತ್ತವೆ. ನಿಖರವಾದ ಫಲ ಬೇಕಾದವರು ಅವುಗಳನ್ನು ಮೊದಲು ನೇರ ಅಳತೆಗೆ ತಂದುಕೊಂಡು ಲೆಕ್ಕ ಮಾಡತಕ್ಕದ್ದು.

ಬಣ್ಣದ ವಿಚಾರವನ್ನೂ ಇಲ್ಲಿ ಹೇಳುವುದು ಉಚಿತ. ಮಂಜಿನ ಹನಿಗಳು ಬೆಳಕಿನ ತರಂಗದ ಉದ್ದಕ್ಕಿಂತ ಅನೇಕ ಪಾಲು ದೊಡ್ಡವಾದುದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುತ್ತವೆ; ಆದ್ದರಿಂದಲೇ ಮಂಜು ಬೆಳ್ಳಗೆ ಅಥವಾ ಬೂದುಬಣ್ಣವಾಗಿ ಕಾಣುತ್ತದೆ. ಗಾಳಿಯ ಕಣಗಳೂ ತೀರ ಸಣ್ಣ ಧೂಳೂ ನೀಲಿಯನ್ನು ಹೆಚ್ಚಾಗಿ ಚದುರಿಸುವುದರಿಂದ ದೂರದ ಬೆಟ್ಟಗಳ ಮಸುಕು ನೀಲಿಯಾಗಿರುತ್ತದೆ. ಕಾಡಿನ ಮಂಜಿಗೆ ಗಾಢವಾದ ನೀಲಿಯನ್ನು ಬಳಿಯುವುದು ಈ ಎರಡನ್ನೂ ಒಂದೇ ಎಂದು ಭ್ರಮಿಸುವುದರ ಫಲ. ಮಂಜಿಗೆ ತನ್ನದೆಂಬ ಬಣ್ಣವಿಲ್ಲದಿದ್ದರೂ ಅದು ಸುತ್ತಣ ಬೆಳಕಿನ ಬಣ್ಣವನ್ನು ಪಡೆಯುತ್ತದೆ. ಸೂರ್ಯೋದಯಕ್ಕೆ ಮುನ್ನ ಅದರಲ್ಲಿ ತುಸು ತಣ್ಣನೆಯ ಛಾಯೆಯಿರುತ್ತದೆ. ಬಿಸಿಲು ತಾಗಿದ ಮೇಲೆ ಹೊಂಬಣ್ಣ ಬೆರೆಯುತ್ತದೆ.

ಕತ್ತಲೆಕೋಣೆಯ ಕಾಲ

ಚಿತ್ರವನ್ನು ತೆಗೆದ ಅನಂತರ ಅದರಲ್ಲಿ ಇಲ್ಲದ್ದನ್ನು ಸೇರಿಸುವ ಹವ್ಯಾಸವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಛಾಯಾಗ್ರಹಣದ ಬಾಲ್ಯದಲ್ಲಿಯೇ, 1850ರ ದಶಕದಲ್ಲಿ, ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರವನ್ನು ಮುದ್ರಿಸಿದ್ದನು. ಇಂಗ್ಲೆಂಡಿನಲ್ಲಿ 1857ರಲ್ಲಿ ರೈಲಾಂಡರನು ಮೂವತ್ತಕ್ಕೂ ಮಿಕ್ಕ ನೆಗೆಟಿವ್‌ಗಳನ್ನು ಜೋಡಿಸಿ ದೊಡ್ಡದೊಂದು ಚಿತ್ರವನ್ನು ರಚಿಸಿದನು. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ನನು ಐದು ನೆಗೆಟಿವ್‌ಗಳಿಂದ ರೋಗಿಯೊಬ್ಬಳ ಕೊನೆಯ ಗಳಿಗೆಯ ಚಿತ್ರವನ್ನು ಮುದ್ರಿಸಿದಾಗ, ನಡೆದಿರದ ಸಂಗತಿಯನ್ನು ನಡೆದಂತೆ ತೋರಿಸಬಹುದೆ ಎಂಬ ಚರ್ಚೆಯು ಬಿಸಿಯೇರಿತು. ಆ ಚರ್ಚೆ ಇಂದಿಗೂ ಮುಗಿದಿಲ್ಲ.

ಕತ್ತಲೆಕೋಣೆಯಲ್ಲಿ ಮಂಜನ್ನು ತರಲು ಎರಡು ಸರಳೋಪಾಯಗಳಿದ್ದವು. ಮುದ್ರಣ ಕಾಗದದ ಮೇಲೆ ಬೆಳಕು ಬೀಳುತ್ತಿರುವಾಗ ದೂರದ ಮರಗಳ ಭಾಗಕ್ಕೆ ರಟ್ಟಿನ ತುಂಡನ್ನು ಅಡ್ಡಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ, ಅಲ್ಲಿ ಬೆಳಕು ಕಡಿಮೆಯಾಗಿ ಚಿತ್ರವು ಬಿಳುಪೇರುತ್ತಿತ್ತು. ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯ ಪುಡಿಯನ್ನು ನಯವಾಗಿ ತಿಕ್ಕಿ ಬೆಳಕನ್ನು ತಡೆಯುವುದೂ ರೂಢಿಯಲ್ಲಿತ್ತು. ಕ್ಯಾಮೆರಾದ ಮಸೂರದ ಮುಂದೆ ಮಸುಕುಗಾಜನ್ನು ಇಡುವುದು ಮೂರನೆಯ ದಾರಿ. ಆದರೆ ಆ ಗಾಜಿಗೆ ಹತ್ತಿರ, ದೂರ ಎಂಬ ಭೇದ ತಿಳಿಯದು. ಐದು ಅಡಿ ದೂರದ ಪೊದೆಯನ್ನೂ ಐನೂರು ಅಡಿ ದೂರದ ಮರವನ್ನೂ ಅದು ಒಂದೇ ಪ್ರಮಾಣದಲ್ಲಿ ಮಾಸಿಸುತ್ತದೆ. ಇಂದು ಗುಂಡಿಯೊತ್ತಿ ಮಂಜು ಬರಿಸುವ ಹಲವು ಸಲಕರಣೆಗಳು ಮಾಡುವ ತಪ್ಪು ಇದೇ ಆಗಿದೆ.

ಬೆಂಗಳೂರಿಗೆ ಈ ಕಲೆಯಲ್ಲಿ ಹಿರಿದಾದ ಪರಂಪರೆಯಿದೆ. ಒ. ಸಿ. ಎಡ್ವರ್ಡ್ಸ್ ಅವರಲ್ಲಿ ಕಲಿತು ಜಗತ್ಪ್ರಸಿದ್ಧರಾದ ಟಿ. ಎನ್. ಎ. ಪೆರುಮಾಳ್ (1932–2017), ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಇ. ಹನುಮಂತರಾವ್ ಈ ನಗರದವರು. ರಾಜ್ಯದ ಅರ್ಥಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿ ಛಾಯಾಗ್ರಾಹಕನ ದಿನಚರಿಯನ್ನು 1983ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಯೂತ್ ಫೋಟೋಗ್ರಾಫಿಕ್ ಸೊಸೈಟಿಯು 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಅನೇಕ ತರುಣರಿಗೆ ದಾರಿ ತೋರಿತು. ಈ ಹಿರಿಯರ ಕಾಲದಲ್ಲಿ ಮಂಜಿನ ಚಿತ್ರ ಬೇಕಾದವನು ಮಂಜಿಗಾಗಿ ಕಾಯಬೇಕಾಗಿತ್ತು. ಕಾಯುವ ಆ ಹೊತ್ತಿನಲ್ಲಿ ಕಾಡಿನ ಬಗೆಗೆ ಆತನಿಗೆ ದೊರೆಯುತ್ತಿದ್ದ ತಿಳಿವಳಿಕೆಯನ್ನು ಯಾವ ಯಂತ್ರವೂ ಕೊಡಲಾರದು.

ಲೇಪನದ ಕ್ರಮ

ಗಣಕಯಂತ್ರದಲ್ಲಿ ಚಿತ್ರವನ್ನು ಪದರಗಳಾಗಿ ಬೇರ್ಪಡಿಸಿ ತಿದ್ದುವ ಅನುಕೂಲವು 1994ರಲ್ಲಿ ಫೋಟೋಶಾಪ್‌ನ ಮೂರನೆಯ ಆವೃತ್ತಿಯೊಡನೆ ಬಂದಿತು. ಬೆಲೆ ತೆರಲಾರದ ವಿದ್ಯಾರ್ಥಿಗೆ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿಯೂ ಪದರ ಮತ್ತು ಮಾಸ್ಕ್‌ಗಳೆರಡೂ ಲಭ್ಯವಿವೆ. ಉಪಕರಣ ಯಾವುದಾದರೂ ಅನುಸರಿಸಬೇಕಾದ ಕ್ರಮ ಒಂದೇ.

ಒಂದು : ಚಿತ್ರದ ಆಯ್ಕೆ. ಮೋಡ ಕವಿದ ದಿನ, ಮೃದುವಾದ ಬೆಳಕಿನಲ್ಲಿ ತೆಗೆದ ಚಿತ್ರವೇ ಈ ಕೆಲಸಕ್ಕೆ ಯೋಗ್ಯ. ದಟ್ಟವಾದ ಮಂಜಿನಲ್ಲಿ ಬೆಳಕು ಎಲ್ಲ ದಿಕ್ಕಿನಿಂದಲೂ ಬರುವುದರಿಂದ ನೆಲದ ಮೇಲೆ ಅಂಚು ಸ್ಪಷ್ಟವಾದ ನೆರಳು ಬೀಳುವುದಿಲ್ಲ. ನಡುಹಗಲಿನ ಕಡುನೆರಳಿರುವ ಚಿತ್ರಕ್ಕೆ ಎಷ್ಟು ಮಂಜನ್ನು ಬಳಿದರೂ ನೆರಳೇ ಸಾಕ್ಷಿ ನುಡಿಯುತ್ತದೆ.

ಎರಡು : ದೂರದ ವಿಂಗಡಣೆ. ಚಿತ್ರದಲ್ಲಿರುವ ಮರಗಳನ್ನು ಮುಂದಿನ ಸಾಲು, ನಡುವಿನ ಸಾಲು, ಹಿಂದಿನ ಸಾಲು, ದಿಗಂತ ಎಂದು ನಾಲ್ಕಾದರೂ ಭಾಗಗಳಾಗಿ ಬೇರ್ಪಡಿಸಬೇಕು. ಹತ್ತಿರದ್ದು ಕಪ್ಪಾಗಿಯೂ ದೂರದ್ದು ಬೆಳ್ಳಗೂ ಇರುವ ದೂರದ ನಕ್ಷೆಯೊಂದನ್ನು ತಯಾರಿಸಿಕೊಂಡರೆ ಅದನ್ನೇ ಮಾಸ್ಕ್ ಆಗಿ ಬಳಸಬಹುದು. ಒಂದೇ ಚಿತ್ರವನ್ನು ನೋಡಿ ದೂರವನ್ನು ಊಹಿಸುವ ತಂತ್ರಾಂಶಗಳು ಇತ್ತೀಚಿನ ವರ್ಷಗಳಲ್ಲಿ ಬಂದಿವೆ. ಕೊಂಬೆಗಳ ನಡುವೆ ಆಕಾಶ ಇಣುಕುವೆಡೆಯಲ್ಲಿ ಅವು ಎಡವುತ್ತವೆ. ಆ ಭಾಗಗಳನ್ನು ಕೈಯಿಂದಲೇ ತಿದ್ದಬೇಕು. ಕಾಡಿನ ಚಿತ್ರದಲ್ಲಿ ಅತ್ಯಂತ ಹೆಚ್ಚಿನ ಶ್ರಮವನ್ನು ಬೇಡುವ ಹಂತ ಇದೇ. ಇಲ್ಲಿ ಅವಸರಪಟ್ಟವರ ಚಿತ್ರದಲ್ಲಿ ಮುಂದಿನ ಕೊಂಬೆಯ ಸುತ್ತ ಬಿಳಿಯ ಅಂಚೊಂದು ಉಳಿದು ಕೃತಕತೆಯನ್ನು ಸಾರುತ್ತದೆ.

ಮೂರು : ಮಂಜಿನ ಬಣ್ಣ. ಅಪ್ಪಟ ಬಿಳಿಯನ್ನು ಆರಿಸತಕ್ಕದ್ದಲ್ಲ. ಅದೇ ಚಿತ್ರದಲ್ಲಿ ದಿಗಂತದ ಬಳಿಯಿರುವ ಆಕಾಶದ ಬಣ್ಣವನ್ನು ತೆಗೆದುಕೊಂಡರೆ ಮಂಜು ಚಿತ್ರದೊಡನೆ ಹೊಂದಿಕೊಳ್ಳುತ್ತದೆ.

ನಾಲ್ಕು : ಪ್ರಮಾಣ. ಮೇಲೆ ಕೊಟ್ಟಿರುವ ಪಟ್ಟಿಯಂತೆ ಸಾಲುಸಾಲಿಗೂ ಲೇಪನದ ಪ್ರಮಾಣವನ್ನು ನಿಗದಿಮಾಡಬೇಕು. ಲೇಪನವು ಸರಿಯಾಗಿದ್ದರೆ ವರ್ಣಗಳ ತೀವ್ರತೆಯೂ ಛಾಯಾಭೇದವೂ ತಾವಾಗಿಯೇ ತಗ್ಗುತ್ತವೆ. ಹತ್ತಿರದ ಒಂದು ಮರವನ್ನಾದರೂ ಬಹುಮಟ್ಟಿಗೆ ಸ್ಪಷ್ಟವಾಗಿ ಉಳಿಸುವುದು ಒಳ್ಳೆಯದು. ನೋಡುಗನ ಕಣ್ಣು ಮಂಜಿನ ಆಳವನ್ನು ಅಳೆಯುವುದು ಆ ಮರದಿಂದಲೇ.

ಐದು : ಎತ್ತರ ಮತ್ತು ವಿಷಮತೆ. ಬಯಲುಸೀಮೆಯ ಮಂಜಾದರೆ ತಗ್ಗಿನಲ್ಲಿ ದಟ್ಟವಾಗಿಯೂ ಮೇಲೆ ಹೋದಂತೆ ವಿರಳವಾಗಿಯೂ ಇರಬೇಕು. ಮಂಜು ಎಲ್ಲೆಡೆಯೂ ಏಕರೀತಿಯಾಗಿರುವುದಿಲ್ಲವಾದ್ದರಿಂದ ಅಡ್ಡಡ್ಡಲಾಗಿ ಎಳೆದ, ಮಂದವಾದ ಏರಿಳಿತವೊಂದನ್ನು ಅದರಲ್ಲಿ ಬೆರೆಸುತ್ತಾರೆ. ಪ್ರಕೃತಿಯಲ್ಲಿರುವಂಥ ಅನಿಯತ ಏರಿಳಿತವನ್ನು ಗಣಿತದಿಂದ ಉತ್ಪಾದಿಸುವ ಒಂದು ವಿಧಾನವನ್ನು ಅಮೆರಿಕದ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದರು. ಅವರ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಇದನ್ನು ಅಡುಗೆಯ ಉಪ್ಪಿನಂತೆ ಮಿತವಾಗಿ ಬಳಸಬೇಕು. ಅತಿಯಾದರೆ ಮಂಜು ಹೋಗಿ ಹೊಗೆಯಾಗುತ್ತದೆ.

ಆರು : ಬೆಳಕಿನ ದಿಕ್ಕು. ಮಂಜಿನ ಹನಿಗಳು ತಮಗೆ ತಾಗಿದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಆದ್ದರಿಂದ ಸೂರ್ಯನತ್ತ ಮುಖಮಾಡಿ ತೆಗೆದ ಚಿತ್ರದಲ್ಲಿ ಸೂರ್ಯನ ಸಮೀಪದ ಮಂಜು ಹೆಚ್ಚು ಹೊಳೆಯಬೇಕು. ಮರಗಳ ಸಂದಿನಿಂದ ಬೆಳಕಿನ ಕೋಲುಗಳು ಇಳಿದುಬರುವುದು ಇಂಥ ಚಿತ್ರದಲ್ಲಿ ಮಾತ್ರ ಶೋಭಿಸುತ್ತದೆ. ಸೂರ್ಯನು ಬೆನ್ನ ಹಿಂದಿರುವ ಚಿತ್ರದಲ್ಲಿ ಅವುಗಳನ್ನು ಬಿಡಿಸುವುದು ಪ್ರಕೃತಿಗೆ ವಿರುದ್ಧ.

ಏಳು : ಕೊನೆಯ ಸಂಸ್ಕಾರ. ಲೇಪಿಸಿದ ಭಾಗವು ಗಾಜಿನಂತೆ ನುಣುಪಾಗಿದ್ದು, ಉಳಿದ ಭಾಗದಲ್ಲಿ ಕಣಗಳಿದ್ದರೆ ಭೇದವು ಕಣ್ಣಿಗೆ ಹೊಡೆಯುತ್ತದೆ. ಮೂಲಚಿತ್ರದಲ್ಲಿರುವಷ್ಟೇ ಕಣವನ್ನು ಮಂಜಿಗೂ ಸೇರಿಸಬೇಕು. 256 ಮೆಟ್ಟಿಲುಗಳ ಕಡತದಲ್ಲಿ ನಯವಾದ ಛಾಯೆಯು ಪಟ್ಟೆಪಟ್ಟೆಯಾಗಿ ಒಡೆಯುವ ಸಂಭವವಿರುವುದರಿಂದ 16 ಬಿಟ್‌ನ ಕಡತದಲ್ಲಿಯೇ ಕೆಲಸ ಮಾಡುವುದು ಕ್ಷೇಮ. ಎಲ್ಲಕ್ಕಿಂತ ಮಿಗಿಲಾಗಿ, ಮೂಲಚಿತ್ರವನ್ನು ಮುಟ್ಟದೆ ಪ್ರತ್ಯೇಕವಾಗಿ ಕಾಪಾಡಬೇಕು. ಮುಗಿಸಿದ ಚಿತ್ರವನ್ನು ಒಂದು ದಿನ ಬಿಟ್ಟು ಮತ್ತೆ ನೋಡಿದರೆ ದೋಷಗಳು ತಾವಾಗಿಯೇ ಗೋಚರಿಸುತ್ತವೆ.

ಮಂಜನ್ನು ತೆಗೆಯುವ ವಿದ್ಯೆಯೂ ಇದರ ಮಗ್ಗುಲಲ್ಲಿಯೇ ಬೆಳೆದಿದೆಯೆಂಬುದು ಸ್ವಾರಸ್ಯಕರವಾದ ಸಂಗತಿ. ಶುಭ್ರವಾದ ಹೊರಾಂಗಣ ಚಿತ್ರದ ಯಾವ ಚಿಕ್ಕ ಭಾಗವನ್ನು ತೆಗೆದುಕೊಂಡರೂ, ಆಕಾಶವನ್ನು ಬಿಟ್ಟರೆ, ಮೂರು ಮೂಲವರ್ಣಗಳಲ್ಲಿ ಒಂದಾದರೂ ಎಲ್ಲಿಯೋ ಒಂದೆಡೆ ಬಹಳ ಕಪ್ಪಾಗಿರುತ್ತದೆ. ಅಲ್ಲಿ ಕಪ್ಪು ಕುಂದಿದ್ದರೆ ಮಸುಕು ಸೇರಿದೆಯೆಂದರ್ಥ. ಈ ಸರಳ ವೀಕ್ಷಣೆಯ ಆಧಾರದಿಂದ ಮಸುಕನ್ನಳೆದು ಕಳೆಯುವ ವಿಧಾನವನ್ನು ಕೈಮಿಂಗ್ ಹೆ ಮತ್ತು ಸಂಗಡಿಗರು 2009ರಲ್ಲಿ ಮಂಡಿಸಿದರು. ಕೂಡುವುದಕ್ಕೂ ಕಳೆಯುವುದಕ್ಕೂ ಆಧಾರ ಮೇಲೆ ಹೇಳಿದ ಅದೇ ಸೂತ್ರ.

ಯುಕ್ತಾಯುಕ್ತ ವಿವೇಚನೆ

ಮೇಲ್ಕಂಡ ಕ್ರಮವನ್ನು ಶ್ರದ್ಧೆಯಿಂದ ಅನುಸರಿಸಿದವನು ಅನುಭವಸ್ಥನ ಕಣ್ಣನ್ನೂ ವಂಚಿಸಬಲ್ಲ ಚಿತ್ರವನ್ನು ರಚಿಸಿಯಾನು. ಕೈಚಳಕ ಇಷ್ಟರಮಟ್ಟಿಗೆ ಸಿದ್ಧಿಸಿದಾಗಲೇ ಹೊಣೆಯ ಪ್ರಶ್ನೆಯು ಏಳುತ್ತದೆ.

ಛಾಯಾಗ್ರಹಣದ ಪ್ರದರ್ಶನಗಳಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ. ಕಲಾತ್ಮಕ ವಿಭಾಗದಲ್ಲಿ ಚಿತ್ರಕಾರನಿಗೆ ವಿಪುಲವಾದ ಸ್ವಾತಂತ್ರ್ಯವಿದೆ. ಪ್ರಕೃತಿ ವಿಭಾಗದಲ್ಲಿ ಇಲ್ಲ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್.ಐ.ಎ.ಪಿ., ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಈ ಮೂರೂ ಸೇರಿ ಪ್ರಕೃತಿಚಿತ್ರಕ್ಕೆ ಒಪ್ಪಿಕೊಂಡ ಸಮಾನ ವ್ಯಾಖ್ಯೆಯು 2015ರ ಆರಂಭದಿಂದ ಜಾರಿಗೆ ಬಂದಿತು. ಅದರ ಪ್ರಕಾರ ಚಿತ್ರದ ಅಂಚನ್ನು ಕತ್ತರಿಸಬಹುದು. ಧೂಳಿನ ಚುಕ್ಕೆಯಂಥ ದೋಷವನ್ನು ತೆಗೆಯಬಹುದು. ದೃಶ್ಯದಲ್ಲಿ ಇಲ್ಲದುದನ್ನು ಸೇರಿಸುವುದಾಗಲಿ, ಇದ್ದುದನ್ನು ಅಳಿಸುವುದಾಗಲಿ ನಿಷಿದ್ಧ. ಲೇಪಿಸಿದ ಮಂಜು ಎಷ್ಟೇ ಸಹಜವಾಗಿರಲಿ, ಅಲ್ಲಿ ಅದಕ್ಕೆ ಪ್ರವೇಶವಿಲ್ಲ.

ಪ್ರದರ್ಶನದ ನಿಯಮಗಳಿಗಿಂತ ಆಳವಾದ ಇನ್ನೊಂದು ವಿಚಾರವನ್ನು ದಕ್ಷಿಣ ಬೆಂಗಳೂರಿನ ನಿವಾಸಿಗಳು ಮನಗಾಣಬೇಕಾಗಿದೆ. ಜಯನಗರ ಬಡಾವಣೆಗೆ 1948ರಲ್ಲಿ ಅಸ್ತಿಭಾರ ಬಿದ್ದಾಗ ಅದು ಊರಿನ ಹೊರಗಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಬೇರೆಬೇರೆ ಹಳ್ಳಿಗಳಾಗಿದ್ದವು. ಈಗ ಅವುಗಳ ಮೊದಲಕ್ಷರಗಳು ಮಾತ್ರ ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿ ಉಳಿದಿವೆ. ಈ ಭಾಗದಲ್ಲಿ ಕಾಡೆಂಬ ಹೆಸರಿಗೆ ತಕ್ಕ ನೆಲ ಜಯಪ್ರಕಾಶನಗರದ ಬಳಿಯ ದೊರೆಸಾನಿಪಾಳ್ಯ, ಬನಶಂಕರಿಯಾಚೆಯ ತುರಹಳ್ಳಿ ಮುಂತಾದ ಕೆಲವೆಡೆಗಳಲ್ಲಿ ಮಾತ್ರ ಉಳಿದಿದೆ. ತುರಹಳ್ಳಿಯಲ್ಲಿ ವೃಕ್ಷೋದ್ಯಾನವನ್ನು ನಿರ್ಮಿಸುವ ಯೋಜನೆಯು 2021ರಲ್ಲಿ ಮುಂದೆ ಬಂದಾಗ, ಕಾಡು ಕಾಡಾಗಿಯೇ ಇರಲೆಂದು ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ವಿರೋಧಿಸಿದರು. ಇಂಥ ಸಂದರ್ಭದಲ್ಲಿ ಕಾಡಿನ ಚಿತ್ರವು ಅಲಂಕಾರದ ವಸ್ತುವಾಗಿ ಉಳಿಯದೆ ಸಾಕ್ಷ್ಯಪತ್ರವಾಗುತ್ತದೆ.

ತುರಹಳ್ಳಿಯಲ್ಲಿ ಕ್ಯಾಮೆರಾ ಹಿಡಿದವನಿಗೆ ಮರಗಳ ಹಿಂದೆ ಬಹುಮಹಡಿ ಕಟ್ಟಡಗಳು ಕಾಣುತ್ತವೆ. ಹಿಂದಿನ ಸಾಲಿಗೆ ಶೇ. 93ರಷ್ಟು ಮಂಜನ್ನು ಲೇಪಿಸಿದರೆ ಆ ಕಟ್ಟಡಗಳು ಮಾಯವಾಗುತ್ತವೆ. ಕುರುಚಲು ಕಾಡು ಘಟ್ಟದ ಮಹಾರಣ್ಯದಂತೆ ತೋರುತ್ತದೆ. ಚಿತ್ರವೇನೋ ಸುಂದರವಾಯಿತು. ಆದರೆ ನಗರವು ಕಾಡಿನ ಬಾಗಿಲವರೆಗೆ ಬಂದು ನಿಂತಿದೆಯೆಂಬ, ಆ ಕಾಡಿನ ಬಗೆಗೆ ಹೇಳಬೇಕಾಗಿದ್ದ ಅತಿ ಮುಖ್ಯವಾದ ಸತ್ಯವನ್ನು ಆ ಮಂಜು ನುಂಗಿಬಿಟ್ಟಿತು. ಮೂವತ್ತು ವರ್ಷಗಳ ಅನಂತರ ಅದೇ ಚಿತ್ರವನ್ನು ಶಾಲೆಯ ಸಂಚಿಕೆಯೊಂದರಲ್ಲಿ ನೋಡುವ ಮಗುವಿಗೆ, ಕಟ್ಟಡಗಳು ಆಗ ಇದ್ದುವೋ ಇಲ್ಲವೋ ತಿಳಿಯುವ ಉಪಾಯವಿರದು. ಆ ವರ್ಷದ ಆ ತಿಂಗಳಲ್ಲಿ ಅಷ್ಟು ದಟ್ಟವಾದ ಮಂಜು ಬಿದ್ದಿತ್ತೆಂದು ಅದು ನಂಬಲೂಬಹುದು. ಒಬ್ಬನ ವಿನೋದವು ಮುಂದಿನವರ ಚರಿತ್ರೆಯನ್ನು ಕೆಡಿಸುವ ಬಗೆ ಇದು.

ಹಾಗಾದರೆ ಈ ವಿದ್ಯೆಯೇ ತ್ಯಾಜ್ಯವೆ? ಹಾಗೆ ಹೇಳುವುದು ವಿವೇಕವಾಗಲಾರದು. ಕಥೆಯ ಪುಸ್ತಕದ ಮುಖಪುಟಕ್ಕೆ, ನಾಟಕದ ಹಿನ್ನೆಲೆಯ ಪರದೆಗೆ, ಗೋಡೆಯಲ್ಲಿ ತೂಗುಹಾಕುವ ಕಲಾಚಿತ್ರಕ್ಕೆ ಲೇಪಿಸಿದ ಮಂಜು ಸರ್ವಥಾ ಯುಕ್ತ. ಅಲ್ಲಿ ನೋಡುಗನು ಸಾಕ್ಷ್ಯವನ್ನು ಕೇಳುವುದಿಲ್ಲ. ದಾಖಲೆಯೆಂದು ಕೊಡುವ ಚಿತ್ರದಲ್ಲಿ ಅದಕ್ಕೆ ಎಡೆಯಿಲ್ಲ. ಸಂದೇಹಕ್ಕೆ ಆಸ್ಪದವಿರುವೆಡೆಯಲ್ಲಿ ಚಿತ್ರದ ಕೆಳಗೆ ‘ಮಂಜನ್ನು ಅನಂತರ ಸೇರಿಸಿದೆ’ ಎಂಬ ಒಂದು ಸಾಲನ್ನು ಬರೆದರೆ ದೋಷವು ಪರಿಹಾರವಾಗುತ್ತದೆ. ನುಡಿಗೂ ನಡೆಗೂ ಭೇದವಿರಬಾರದೆಂದು ಹನ್ನೆರಡನೆಯ ಶತಮಾನದ ಶರಣರು ಬಾಳಿ ತೋರಿದ ನಾಡು ಇದು. ಚಿತ್ರವೂ ಒಂದು ಬಗೆಯ ನುಡಿಯೇ. ಕೈಯಿಂದ ಮಾಡಿದ ಕೆಲಸವನ್ನು ಮರೆಮಾಚದೆ ಹೇಳಿಕೊಳ್ಳುವುದು ಕಾಯಕದ ಶುದ್ಧಿಯ ಒಂದಂಗ.

ಶಾಲೆಯಲ್ಲಿ ಒಂದು ಪ್ರಯೋಗ

ಉಪಾಧ್ಯಾಯರು ಈ ವಿಷಯವನ್ನು ಪಾಠವಾಗಿ ಪರಿವರ್ತಿಸಲು ವೆಚ್ಚವೇನೂ ತಗಲದು. ಶಾಲೆಯ ಅಂಗಳದಿಂದಲೋ ಸಮೀಪದ ಉದ್ಯಾನದಿಂದಲೋ ಸಾಲಾಗಿ ಕಾಣುವ ನಾಲ್ಕೈದು ಮರಗಳನ್ನು ಆರಿಸಿಕೊಂಡು, ಪ್ರತಿಯೊಂದರ ದೂರವನ್ನೂ ವಿದ್ಯಾರ್ಥಿಗಳಿಂದ ಹೆಜ್ಜೆಯಿಂದಲೋ ಟೇಪಿನಿಂದಲೋ ಅಳೆಸಬೇಕು. ಶುಭ್ರವಾದ ಬೆಳಗಿನಲ್ಲಿ ಒಂದು, ಮಂಜಿನ ಬೆಳಗಿನಲ್ಲಿ ಒಂದು ಚಿತ್ರವನ್ನು ಅದೇ ಸ್ಥಳದಲ್ಲಿ ನಿಂತು ತೆಗೆಯಿಸಬೇಕು. ಎರಡರಲ್ಲಿಯೂ ಮರದ ಕಾಂಡಗಳ ಬೆಳಕಿನ ಅಂಕಿಗಳನ್ನು ಗಣಕಯಂತ್ರದಲ್ಲಿ ಓದಿ, ದೂರಕ್ಕೆ ಪ್ರತಿಯಾಗಿ ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ, ಬೆಳಕು ಅರ್ಧರ್ಧವಾಗಿ ಇಳಿಯುವ ವಕ್ರರೇಖೆಯು ಕಣ್ಣೆದುರಿಗೆ ಮೂಡುತ್ತದೆ. ಗಣಿತದ ತರಗತಿಯಲ್ಲಿ ಒಣ ಸೂತ್ರವಾಗಿ ತೋರುವ ಘಾತೀಯ ಇಳಿಕೆಯು ಇಲ್ಲಿ ಹೊಂಗೆಯ ಮರವೊಂದರ ರೂಪದಲ್ಲಿ ಎದುರಿಗೆ ನಿಂತಿರುತ್ತದೆ. ಕೊನೆಯಲ್ಲಿ, ಶುಭ್ರದಿನದ ಚಿತ್ರಕ್ಕೆ ಲೆಕ್ಕದ ಪ್ರಕಾರ ಮಂಜನ್ನು ಲೇಪಿಸಿ, ನಿಜವಾದ ಮಂಜಿನ ಚಿತ್ರದೊಡನೆ ಹೋಲಿಸಿ, ಭೇದವೆಲ್ಲಿದೆಯೆಂದು ಮಕ್ಕಳೇ ಕಂಡುಹಿಡಿಯಲಿ.

ಮಂಜಿನ ದಿನ ಎಂದು ಬರುವುದೆಂದು ತಿಳಿಯದ ಕಾರಣ, ಈ ಪ್ರಯೋಗಕ್ಕೆ ತೊಡಗಿದ ತರಗತಿಯು ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರತಿದಿನವೂ ಬೆಳಗಿನ ಆಕಾಶವನ್ನು ಗಮನಿಸಿ, ದಿನಾಂಕದೊಡನೆ ಬರೆದಿಡಬೇಕಾಗುತ್ತದೆ. ವರ್ಷವರ್ಷವೂ ಮುಂದುವರಿಸಿದಲ್ಲಿ ಆ ಪುಸ್ತಕವು ಬಡಾವಣೆಯ ಹವಾಮಾನದ ಅಮೂಲ್ಯ ದಾಖಲೆಯಾಗುವುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ಹಳೆಯ ಛಾಯಾಚಿತ್ರಗಳನ್ನು, ತೆಗೆದ ಸ್ಥಳ ಮತ್ತು ವರ್ಷಗಳನ್ನು ಬರೆದು ಶಾಲೆಗೆ ಒಪ್ಪಿಸಿದರೆ, ಅದೇ ಸ್ಥಳದ ಇಂದಿನ ಚಿತ್ರವನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವ ಅವಕಾಶವೂ ಮಕ್ಕಳಿಗೆ ಒದಗುವುದು.

ಉಪಸಂಹಾರ

ಮಂಜನ್ನು ಚೆನ್ನಾಗಿ ಲೇಪಿಸಬೇಕಾದವನು ಮೊದಲು ಮಂಜನ್ನು ಚೆನ್ನಾಗಿ ನೋಡಿರಬೇಕು. ಹಾಗೆ ನೋಡಲು ಬೆಳಗಿನ ಜಾವದಲ್ಲಿ ಎದ್ದು ಹೊರಡಬೇಕು. ಕೆರೆಯ ಏರಿಯ ಮೇಲೋ ಬಂಡೆಯ ಮಗ್ಗುಲಲ್ಲೋ ಸುಮ್ಮನೆ ನಿಲ್ಲಬೇಕು. ಯಾವ ಮರ ಮೊದಲು ಮರೆಯಾಯಿತು, ಯಾವುದು ಕೊನೆಗೆ ಹೊರಬಂದಿತು ಎಂಬುದನ್ನು ಗುರುತಿಸಬೇಕು. ಇಷ್ಟನ್ನು ಮಾಡಿದ ವಿದ್ಯಾರ್ಥಿಯು ಯಂತ್ರದಿಂದ ಸೇರಿಸಿದ ಮಂಜು ಯಾವುದು, ಪ್ರಕೃತಿಯು ಕೊಟ್ಟದ್ದು ಯಾವುದು ಎಂದು ಬೇರೆಯವರ ಚಿತ್ರಗಳಲ್ಲಿಯೂ ವಿವೇಚಿಸಬಲ್ಲನು. ಕಂಡದ್ದನ್ನೆಲ್ಲ ನಂಬಿಸುವ ಚಿತ್ರಗಳು ಫೋನಿನ ಮೂಲಕ ಮನೆಮನೆಗೂ ಬರುತ್ತಿರುವ ಈ ದಿನಗಳಲ್ಲಿ ಅಂಥ ವಿವೇಚನೆಯುಳ್ಳ ಕಣ್ಣನ್ನು ಮಕ್ಕಳಿಗೆ ದೊರಕಿಸುವುದು ಶಾಲೆಗಳ ಹೊಣೆ. ಅದಕ್ಕೆ ಬೇಕಾದ ಪ್ರಯೋಗಶಾಲೆ ದೂರದಲ್ಲಿಲ್ಲ. ಮುಂದಿನ ಚಳಿಗಾಲದ ಒಂದು ಬೆಳಗು, ಸಾಲಾಗಿ ನಿಂತ ನಾಲ್ಕು ಮರಗಳು, ಒಂದು ಅಳತೆಯ ಟೇಪು ಇದ್ದರೆ ಸಾಕು.